ಮಾಲೂರು ಮಣ್ಣಿನ ತಲೆಬುರುಡೆಗಳು

ನಮ್ಮ ತಂಗಿಯ ಮೊಮ್ಮಗಳು ಆಪರೇಷನ್ ಥಿಯೇಟರ್ ಟೆಕ್ನಿಷಿಯನ್ ಕೋರ್ಸಿಗೆ ಸೇರಿದ್ದಾಳೆ. ಹೋದ ತಿಂಗಳು ಬಂದವಳು ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ರಬ್ಬರಿನಂಥ ಏನೋ ಒಂದು ಮೆದುಳು, ಅದರ ಮೇಲೆ ಬುರುಡೆ, ಬುರುಡೆ ಮೇಲೆ ಚರ್ಮ. ಕುಯ್ದರೆ ರಕ್ತ ಬರುತ್ತಂತೆ, ಮೆದುಳು ಉಸಿರಾಡಿದ ಹಾಗೆ ಏರಿಳಿಯುತ್ತಂತೆ. "ತಾತ, ಡಾಕ್ಟ್ರುಗಳು ಇದರ ಮೇಲೆ ಕಲಿತು ಆಮೇಲೆ ಪೇಷಂಟಿಗೆ ಕೈ ಹಾಕ್ತಾರೆ. ನೀವೂ ಆ ಕಾಲದಲ್ಲೇ ಹೀಗೇನೋ ಮಾಡ್ತಿದ್ರಂತೆ? ಬರೆದುಕೊಡಿ, ಕ್ಲಾಸಲ್ಲಿ ಓದ್ತೀನಿ" ಅಂದಳು. ಮೊದಲು ಬೇಡ ಅಂದೆ. ಅವಳು ಬಿಡಲಿಲ್ಲ. ಸರಿ, ಬರೀತೀನಿ. ಆದರೆ ನಮ್ಮ ತಾತ ಎಷ್ಟು ಜಾಣ ಅಂತ ಕ್ಲಾಸಲ್ಲಿ ಹೇಳಿಕೊಳ್ಳೋ ಆಸೆಯಿದ್ದರೆ ಈಗಲೇ ಬಿಟ್ಟುಬಿಡಮ್ಮ. ಇದು ಅಂಥ ಕತೆಯಲ್ಲ.

ನಾನು ಹುಟ್ಟಿದ್ದು ಮಾಲೂರಿನಲ್ಲಿ. ಹೆಸರು ಚೌಡಪ್ಪ. ಓದಿದ್ದು ಏಳನೇ ಕ್ಲಾಸು, ಅದೂ ಎರಡು ಸಲ. ಹೆಂಚಿನ ಕಾರ್ಖಾನೆಯಲ್ಲಿ ಹದಿನೈದು ವರ್ಷ ಅಚ್ಚು ಹಾಕೋ ಕೆಲಸ ಮಾಡಿದೆ. ಮಣ್ಣು ಕಲಸೋದು, ಅಚ್ಚಿಗೆ ಒತ್ತೋದು, ಒಣಗಿಸೋದು, ಭಟ್ಟಿಗೆ ಜೋಡಿಸೋದು. ಭಟ್ಟಿಯ ಧೂಳಿಗೆ ಕೆಮ್ಮು ಹಿಡಿದು ಕೆಲಸ ಬಿಡಬೇಕಾಯ್ತು. ಆಗ ಕೋಲಾರದ ಹೊರಗೆ ಒಂದು ಧರ್ಮಾಸ್ಪತ್ರೆ ಇತ್ತು. ಈಗ ಇಲ್ಲ, ಹೆಸರು ಹೇಳೋದೂ ಇಲ್ಲ. ಕೆಮ್ಮು ತೋರಿಸೋಕೆ ಅಲ್ಲಿಗೆ ಹೋದವನು, ಕೈ ಮುರಿದವರಿಗೆ ಪ್ಲಾಸ್ಟರ್ ಹಾಕೋ ಕೆಲಸಕ್ಕೆ ಅಲ್ಲೇ ಸೇರಿಕೊಂಡೆ. ಅದೂ ಒಂಥರಾ ಅಚ್ಚಿನ ಕೆಲಸವೇ ಅಲ್ಲವಾ? ಎಪ್ಪತ್ತರ ದಶಕ ಮುಗೀತಾ ಬಂದಿತ್ತು.

ನನ್ನನ್ನ ಸೇರಿಸಿಕೊಂಡವರು ಅಲ್ಲಿನ ಮುಖ್ಯ ಸರ್ಜನ್ನು. ಊರಿಗೆಲ್ಲ ದೊಡ್ಡ ಡಾಕ್ಟ್ರು, ನಾವೂ ಹಾಗೇ ಕರೀತಿದ್ವಿ. ಶ್ರೀನಿವಾಸಪುರದ ಕಡೆಯವರು. ಸಮಾಧಾನದಲ್ಲಿದ್ದರೆ ಕನ್ನಡ, ಸಿಟ್ಟು ಬಂದರೆ ತೆಲುಗು. ದಿನದಲ್ಲಿ ಮುಕ್ಕಾಲು ಪಾಲು ತೆಲುಗೇ. ಆದರೆ ರೋಗಿಯ ಹಾಸಿಗೆ ಹತ್ತಿರ ಹೋದ ಕೂಡಲೇ ದನಿ ಇಳಿದುಬಿಡೋದು. ಒಂದೇ ಒಂದು ಕೊರಗು ಅವರಿಗೆ. ಬಲಗೈ ನಡುಗುತ್ತಿತ್ತು. ಹೊಟ್ಟೆ ಆಪರೇಷನ್ನು ಹೇಗೋ ತೂಗಿಸಿಕೊಂಡು ಮಾಡ್ತಿದ್ದರು. ತಲೆಗೆ ಮಾತ್ರ ಕೈ ಹಾಕ್ತಿರಲಿಲ್ಲ.

ತಲೆಗೆ ಪೆಟ್ಟು ಬಿದ್ದವರಿಗೇನೂ ಬರ ಇರಲಿಲ್ಲ. ಮುಳಬಾಗಿಲು ರಸ್ತೆಯಲ್ಲಿ ಲಾರಿಗಳು, ಶ್ರೀನಿವಾಸಪುರದಲ್ಲಿ ಮಾವಿನ ಮರ, ಟೇಕಲ್ ಕಡೆ ಬಂಡೆ ಒಡೆಯೋರು. ಬರುವಾಗ ಕೆಲವರು ಚೆನ್ನಾಗಿ ಮಾತಾಡ್ತಾ ಬರೋರು. ನೀರು ಕೇಳೋರು, ಬೀಡಿ ಕೇಳೋರು. ಒಂದು ಗಂಟೆ ಬಿಟ್ಟು ನೋಡಿದರೆ ತೂಕಡಿಕೆ, ಆಮೇಲೆ ಗೊರಕೆ, ಆಮೇಲೆ ಒಂದು ಕಣ್ಣಿನ ಪಾಪೆ ಅಗಲ ಆಗೋದು. ಬುರುಡೆಗೂ ಮೆದುಳಿನ ಪೊರೆಗೂ ಮಧ್ಯ ರಕ್ತ ತುಂಬಿ ಮೆದುಳನ್ನ ಒತ್ತುತ್ತೆ. ಅಲ್ಲೊಂದು ತೂತು ಕೊರೆದು ಆ ರಕ್ತ ಹೊರಗೆ ಬಿಟ್ಟರೆ ಸತ್ತವನ ಹಾಗಿದ್ದವನು ಎದ್ದು ಕೂರ್ತಾನೆ. ಕೊರೆಯದಿದ್ದರೆ ಇಲ್ಲ. ನಾವು ಜೀಪಿಗೆ ಹಾಕಿ ಬೆಂಗಳೂರಿಗೆ ಕಳಿಸ್ತಿದ್ವಿ. ಅರ್ಧಕ್ಕರ್ಧ ಜನ ದಾರಿಯಲ್ಲಿರೋ ಹೊಸಕೋಟೆಯನ್ನೇ ನೋಡ್ತಿರಲಿಲ್ಲ. ಡ್ರೈವರ್ ಜೀಪು ತಿರುಗಿಸಿಕೊಂಡು ವಾಪಸ್ ಬರೋನು, ನಾವು ಗೇಟಲ್ಲೇ ಅವನ ಮುಖ ನೋಡಿ ತಿಳ್ಕೊಳ್ತಿದ್ವಿ.

ಆಗ ಬಂದವರು ಡಾಕ್ಟರ್ ಸುಮಿತ್ರಮ್ಮ. ಇಪ್ಪತ್ತೆಂಟು ಇಪ್ಪತ್ತೊಂಬತ್ತು ವಯಸ್ಸು, ಆಗ ತಾನೇ ಸರ್ಜರಿ ಓದು ಮುಗಿಸಿದ್ದರು. ಸಣ್ಣ ಆಳು, ಕಡ್ಡಿಯಂಥ ಬೆರಳು, ಮಾತು ಕಡಿಮೆ. ದೊಡ್ಡ ಡಾಕ್ಟ್ರು ಅವರ ಕೈಯನ್ನ ಒಂದು ವಾರ ನೋಡಿದರು. ಆಮೇಲೆ ನನ್ನನ್ನ ಕರೆದು ತಮ್ಮ ಗಾಜಿನ ಬೀರು ತೆಗೆದು ಒಂದು ಬುರುಡೆ ಕೈಗಿಟ್ಟರು. ನಿಜವಾದ ಮನುಷ್ಯನದು, ಅವರ ಕಾಲೇಜಿನ ಕಾಲದ್ದು, ಮೇಲಿನ ಟೋಪಿ ಕುಯ್ದು ಬೇರೆ ಮಾಡಿದ್ದು. "ಚೌಡಪ್ಪ, ಈಯಮ್ಮನ ಕೈಗೆ ತಲೆ ಕೊರೆಯೋದು ಕಲಿಸಬೇಕು. ಬದುಕಿರೋರ ಮೇಲೆ ಕಲಿಸೋಕಾಗಲ್ಲ. ನನಗೆ ಇಂಥವು ಬೇಕು. ಡಜನ್‌ಗಟ್ಟಲೆ ಬೇಕು" ಅಂದರು. ಕಿಟಕಿ ಹತ್ತಿರ ಹೋಗಿ ಬುರುಡೆಯ ಕಣತಲೆ ಭಾಗವನ್ನ ಬೆಳಕಿಗೆ ಹಿಡಿದರು. ಕಣ್ಣಿಗೂ ಕಿವಿಗೂ ನಡುವಿನ ಆ ಜಾಗದಲ್ಲಿ ಮೂಳೆ ಎಷ್ಟು ತೆಳು ಅಂದರೆ ಬಿಸಿಲು ಆಚೆಯಿಂದ ಈಚೆಗೆ ಕಾಣಿಸ್ತಿತ್ತು. "ಇಲ್ಲಿ ನೋಡ್ಕೋ. ರಕ್ತ ಜಾಸ್ತಿ ತುಂಬೋದು ಇಲ್ಲೇ" ಅಂದರು. ನೋಡ್ಕೊಂಡೆ. ಅವತ್ತು ಚೆನ್ನಾಗೇ ನೋಡ್ಕೊಂಡಿದ್ದೆ.

ಹೇಗೆ ಮಾಡೋದು? ಯಾರಿಗೂ ಗೊತ್ತಿರಲಿಲ್ಲ. ಮೊದಲು ತೆಂಗಿನ ಚಿಪ್ಪು ತಂದೆ. ದೊಡ್ಡ ಡಾಕ್ಟ್ರು ಎರಡು ಸುತ್ತು ಕೊರೆಸಿ ನೋಡಿ ಎಸೆದರು. "ಏಮಿರಾ ಇದಿ? ಮನುಷ್ಯನ ತಲೆನಾ, ಗಣಪತಿಗೆ ಒಡೆಯೋ ಕಾಯಾ?" ಅಂದರು. ಆಮೇಲೆ ಪ್ಲಾಸ್ಟರಿನಲ್ಲಿ ಎರಕ ಹೊಯ್ದೆ. ಬರ್ಮ ಇಟ್ಟ ತಕ್ಷಣ ಪುಡಿಪುಡಿ. ಬರ್ಮ ಅಂದರೆ ತೂತು ಕೊರೆಯೋ ಬೈರಿಗೆ, ಬಡಗಿಯ ಕೈಬೈರಿಗೆಯಂಥದ್ದೇ, ಉಕ್ಕಿನದು, ಎದೆಯಿಂದ ಒತ್ತಿಕೊಂಡು ಬಲಗೈಯಲ್ಲಿ ತಿರುಗಿಸಬೇಕು. ಕರೆಂಟಿನ ಯಂತ್ರ ಅಲ್ಲ. ಮೂಳೆಯ ಹೊರಪದರ ಗಟ್ಟಿ, ನಡುವೆ ಸ್ವಲ್ಪ ಸಡಿಲ, ಮತ್ತೆ ಒಳಪದರ ಗಟ್ಟಿ. ಒಳಪದರ ಬಿಟ್ಟುಕೊಡೋ ಹೊತ್ತಿಗೆ ಬರ್ಮ ಒಂದು ಸಲ ಕಚ್ಚಿದ ಹಾಗೆ ಆಗುತ್ತೆ. ಆ ಕ್ಷಣ ಕೈ ನಿಲ್ಲಬೇಕು. ನಿಲ್ಲದಿದ್ದರೆ ಬರ್ಮ ಸೀದಾ ಮೆದುಳಿಗೇ ಹೋಗುತ್ತೆ. ಕಲಿಯಬೇಕಾದ್ದೆಲ್ಲ ಆ ಒಂದು ಕ್ಷಣ.

ಕೊನೆಗೆ ನನಗೆ ಗೊತ್ತಿದ್ದ ದಾರಿಗೇ ಬಂದೆ. ಮಾಲೂರು ಮಣ್ಣು. ಹೊರಗೊಂದು ಪದರ ಶುದ್ಧ ಮಣ್ಣು, ನಡುವೆ ರಾಗಿ ಹೊಟ್ಟು ಕಲಸಿದ ಮಣ್ಣು, ಒಳಗೆ ಮತ್ತೆ ಶುದ್ಧ ಮಣ್ಣು. ಭಟ್ಟಿಯಲ್ಲಿ ಹೊಟ್ಟು ಸುಟ್ಟುಹೋಗಿ ನಡುವಿನ ಪದರ ತೂತುತೂತಾಗುತ್ತೆ. ಹದವಾಗಿ ಸುಟ್ಟು, ನೀರಲ್ಲಿ ನೆನೆಸಿಟ್ಟರೆ ಬರ್ಮಕ್ಕೆ ಮೂಳೆಯ ಹಾಗೇ ಸಿಗುತ್ತೆ. ಮೊದಲ ಬುರುಡೆಯನ್ನ ದೊಡ್ಡ ಡಾಕ್ಟ್ರು ಕೈಯಲ್ಲಿ ಹಿಡಿದು ಅಳತೆ ಕಡ್ಡಿ ಇಟ್ಟು ಇಂಚಿಂಚು ನೋಡಿದರು. ಸುಮಿತ್ರಮ್ಮನ ಕೈಲಿ ಕೊರೆಸಿದರು. "ಭೇಷ್! ಒರೇಯ್ ಚೌಡಪ್ಪ, ನೀನು ಬ್ರಹ್ಮನ ಕೆಲಸಕ್ಕೆ ಕೈ ಹಾಕಿದೀಯ" ಅಂದರು. ಜೀವನದಲ್ಲಿ ಅಷ್ಟು ಖುಷಿ ನನಗೆ ಯಾವತ್ತೂ ಆಗಿರಲಿಲ್ಲ, ನನ್ನ ಮದುವೆಯಲ್ಲೂ ಆಗಿರಲಿಲ್ಲ.

ಪೊರೆಗೆ ಆಡಿನ ಮೂತ್ರಕೋಶ. ಕ್ಲಾಕ್ ಟವರ್ ಹತ್ತಿರ ಮಾಂಸದಂಗಡಿ ಇಟ್ಟಿದ್ದ ಪ್ಯಾರೇಜಾನ್ ದಿನಾ ಎತ್ತಿಡೋನು. "ಕ್ಯಾ ಚೌಡಪ್ಪಣ್ಣ, ಎಲ್ಲರೂ ಮಟನ್ ತಗೊಂಡು ಹೋಗ್ತಾರೆ, ನೀವು ಮಾತ್ರ ಇದನ್ನ ತಗೊಂಡು ಹೋಗ್ತೀರಿ. ಮನೇಲಿ ಏನ್ ಮಾಡ್ತಾರೆ ಇದರಲ್ಲಿ?" ಅಂತ ಎಲ್ಲರ ಮುಂದೆ ಕೇಳೋನು. ಮೆದುಳಿಗೆ ಚೀನಾಗ್ರಾಸ್, ಮದುವೆ ಮನೆಗಳಲ್ಲಿ ಸಿಹಿ ಮಾಡೋಕೆ ಹಾಕೋ ಕಡಲಪಾಚಿ. ಗಟ್ಟಿಯಾದರೆ ನಡುಗೋ ಹಾಗಿರುತ್ತೆ. ಹೆಪ್ಪುಗಟ್ಟಿದ ರಕ್ತಕ್ಕೆ ಬೀಟ್ರೂಟ್ ರಸ ಬೆರೆಸಿದ ರಾಗಿ ಅಂಬಲಿ. ಒಂದು ಸಲ ಹಟ ಮಾಡಿ ಚೀನಾಗ್ರಾಸಿಗೆ ಸಕ್ಕರೆ ಹಾಕಿಬಿಟ್ಟೆ, ಹಾಗಾದರೆ ಬಿಗಿಯಾಗಿ ನಿಲ್ಲುತ್ತೆ ಅಂತ ಅಡುಗೆಭಟ್ಟರೊಬ್ಬರು ಹೇಳಿದ್ದರು. ಬೆಳಿಗ್ಗೆ ಸುಮಿತ್ರಮ್ಮ ಕೊರೆದರೆ ತೂತಿನಿಂದ ಕಟ್ಟಿರುವೆ ಸಾಲುಸಾಲಾಗಿ ಹೊರಗೆ ಬಂದವು. ಅವರು ನಕ್ಕಿದ್ದನ್ನ ನಾನು ನೋಡಿದ್ದು ಅವತ್ತೇ. ಬರ್ಮ ಕೆಳಗಿಟ್ಟು, ಮುಖ ಮುಚ್ಚಿಕೊಂಡು ನಕ್ಕರು.

ಈಗ ನನ್ನ ತಪ್ಪಿನ ಮಾತು. ಇದನ್ನ ಕ್ಲಾಸಿನಲ್ಲಿ ನಿಧಾನವಾಗಿ ಓದಮ್ಮ.

ಮೊದಲ ಮಾದರಿ ಸರಿಯಾಗಿತ್ತು. ಎರಡನೇ ಸಲ ಹತ್ತು ಬುರುಡೆ ಮಾಡಿ ಮಾಲೂರಿನ ಭಟ್ಟಿಗೆ ಹಾಕಿಸಿದೆ. ಎಂಟು ಒಡೆದವು. ಎಲ್ಲವೂ ಕಣತಲೆಯಲ್ಲೇ ಸೀಳು. ತೆಳು ಜಾಗ, ಬೆಂಕಿ ತಡೆಯಲಿಲ್ಲ. ಭಟ್ಟಿಯಲ್ಲಿದ್ದ ನನ್ನ ಹಳೇ ಜೊತೆಗಾರರು ಗೇಲಿ ಮಾಡಿದರು. "ಏನ್ಲಾ ಚೌಡ, ಆಸ್ಪತ್ರೆ ಅನ್ನ ತಿಂದು ಕೈ ಮರೆತೋಯ್ತಾ?" ಅಂದರು. ನನಗೆ ಕೆಟ್ಟ ಅವಮಾನ ಆಯ್ತು. ಹೆಂಚು ಮಾಡೋರು ತೆಳು ಮೂಲೆಯನ್ನ ತೆಳುವಾಗಿ ಬಿಡೋದಿಲ್ಲ. ಅಚ್ಚಿನಿಂದ ತೆಗೆಯೋ ಮುಂಚೆ ಒಳಗಡೆಯಿಂದ ಅಲ್ಲಿಗೆ ಒಂದು ಉಂಡೆ ಮಣ್ಣಿಟ್ಟು ಹೆಬ್ಬೆರಳಲ್ಲಿ ಒತ್ತಿಬಿಡ್ತಾರೆ. ಹೊರಗೆ ಕಾಣೋದಿಲ್ಲ, ಭಟ್ಟಿಯಲ್ಲಿ ಒಡೆಯೋದಿಲ್ಲ. ಹದಿನೈದು ವರ್ಷ ಲಕ್ಷಗಟ್ಟಲೆ ಹೆಂಚಿಗೆ ಅದನ್ನೇ ಮಾಡಿದ್ದೆ. ಮುಂದಿನ ಸಲ ಬುರುಡೆಗಳಿಗೂ ಹಾಗೇ ಒತ್ತಿದೆ. ಒಂದೂ ಒಡೆಯಲಿಲ್ಲ. ಜೊತೆಗಾರರ ಬಾಯಿ ಮುಚ್ಚಿತು. ನಾನು ಎದೆ ಉಬ್ಬಿಸಿಕೊಂಡು ಮೂಟೆ ಹೊತ್ತು ಬಸ್ ಹತ್ತಿದೆ.

ಮೋಸ ಮಾಡಬೇಕು ಅಂತಲ್ಲ. ಬುರುಡೆ ಮುರಿಯದೆ ಬರಬೇಕು, ಅಷ್ಟೇ ತಲೆಯಲ್ಲಿದ್ದದ್ದು. ಬಿಸಿಲಿಗೆ ಹಿಡಿದು ತೋರಿಸಿದ್ದು, ಇಲ್ಲೇ ರಕ್ತ ತುಂಬೋದು ಅಂದದ್ದು, ಯಾವುದೂ ಆ ಹೊತ್ತಿಗೆ ನೆನಪಾಗಲಿಲ್ಲ. ದೊಡ್ಡ ಡಾಕ್ಟ್ರೂ ಮತ್ತೆ ಅಳೆಯಲಿಲ್ಲ, ಮೊದಲನೆಯದು ಸರಿಯಾಗಿತ್ತಲ್ಲ. ಚೀನಾಗ್ರಾಸು, ಪೊರೆ ಎಲ್ಲ ತುಂಬಿ ಟೋಪಿಯನ್ನ ಪ್ಲಾಸ್ಟರಿನಿಂದ ಮುಚ್ಚಿಯೇ ನಾನು ಅವರ ಮುಂದೆ ಇಡ್ತಿದ್ದೆ. ಕೊರೆದು ಮುಗಿದ ಮೇಲೆ ಹೆಣದ ಕೋಣೆ ಹಿಂದಿನ ಗುಂಡಿಗೆ ಎಸೀತಿದ್ದೆ. ಒಳಗೆ ಏನಿದೆ ಅಂತ ನೋಡೋರು ಯಾರು?

ಸುಮಿತ್ರಮ್ಮ ದಿನಾ ಬೆಳಿಗ್ಗೆ ವಾರ್ಡಿಗೆ ಹೋಗೋ ಮುಂಚೆ ಒಂದು ಗಂಟೆ ಕೊರೀತಿದ್ದರು. ನಾನು ಬುರುಡೆ ಹಿಡ್ಕೊಳ್ಳೋದು, ಅವರು ತಿರುಗಿಸೋದು. ಮಳೆಗಾಲ ಕಳೀತು, ಚಳಿಗಾಲ ಕಳೀತು. ಹಣೆ, ನೆತ್ತಿ, ಕಣತಲೆ, ಕಿವಿಯ ಹಿಂದೆ. ಕಣ್ಣು ಮುಚ್ಚಿಕೊಂಡು ಕೊರೆಯೋ ಹಾಗಾದರು. ನಿಜವಾಗ್ಲೂ ಒಂದು ದಿನ ಕಣ್ಣು ಮುಚ್ಚಿಕೊಂಡೇ ಕೊರೆದು, ಪೊರೆಗೆ ಒಂದು ಗೀರೂ ಬೀಳದ ಹಾಗೆ ನಿಲ್ಲಿಸಿ ತೋರಿಸಿದರು. "ನೋಡಿ ಚೌಡಪ್ಪ, ಕೈಗೇ ಗೊತ್ತಾಗ್ತಿದೆ" ಅಂದರು.

ಅವರ ಮೊದಲ ಕೇಸು ಮುಳಬಾಗಿಲು ರಸ್ತೆಯಲ್ಲಿ ಲಾರಿಯಿಂದ ಬಿದ್ದಿದ್ದ ಕ್ಲೀನರು. ಪೆಟ್ಟು ನೆತ್ತಿಯ ಪಕ್ಕ, ಮೂಳೆ ದಪ್ಪ ಇರೋ ಕಡೆ. ಎರಡು ತೂತು ಕೊರೆದರು, ಕಪ್ಪು ರಕ್ತ ಮುದ್ದೆಮುದ್ದೆಯಾಗಿ ಬಂತು. ಮೂರನೇ ದಿನ ಅವನು ನರ್ಸನ್ನ ಬೈಯೋಕೆ ಶುರು ಮಾಡಿದ, ಗಂಜಿ ಸಪ್ಪೆ ಅಂತ. ದೊಡ್ಡ ಡಾಕ್ಟ್ರು ವರಾಂಡದಲ್ಲಿ ನಿಂತು ಆ ಬೈಗುಳ ಕೇಳಿ ಕಣ್ಣೊರೆಸಿಕೊಂಡರು. ಆಮೇಲೆ ಇನ್ನೊಂದು ಕೇಸು, ಹಣೆಯ ಮೇಲ್ಭಾಗ. ಅವನೂ ಬದುಕಿದ. ಕೋಲಾರದಲ್ಲೇ ತಲೆ ಆಪರೇಷನ್ ಮಾಡ್ತಾರಂತೆ ಅಂತ ಸುತ್ತಮುತ್ತ ಸುದ್ದಿ ಆಯ್ತು. ಇನ್ನು ಜೀಪು ಖಾಲಿ ಬರೋದು ತಪ್ಪಿತು ಅಂತ ನಾವೆಲ್ಲ ನಂಬಿದ್ವಿ.

ಮಾವಿನ ಕಾಲ ಬಂತು. ಒಂದು ಮಧ್ಯಾಹ್ನ ಶ್ರೀನಿವಾಸಪುರದ ಕಡೆಯಿಂದ ಯಲ್ಲಮ್ಮ ಅಂತ ಒಬ್ಬ ಹೆಂಗಸನ್ನ ಕರ್ಕೊಂಡು ಬಂದರು. ಮೂವತ್ತೈದು ಇರಬಹುದು. ಮಾವಿನ ಮಂಡಿಗೆ ಹೋಗೋ ಟ್ರ್ಯಾಕ್ಟರಿನಲ್ಲಿ ಕ್ರೇಟುಗಳ ಮೇಲೆ ಕೂತಿದ್ದವಳು ಕೆಳಗೆ ಬಿದ್ದಿದ್ದಳು. ಬಲಗಡೆ ಕಣತಲೆ ಊದಿತ್ತು. ಜೊತೆಗೆ ಗಂಡ ನಾರೆಪ್ಪ, ಬನಿಯನ್ನಿನ ಮೇಲೆಲ್ಲ ಮಾವಿನ ಸೊನೆ. "ಇಪ್ಪುಡೇ ಮಾಟ್ಲಾಡಿಂದಮ್ಮಾ, ಇಪ್ಪುಡೇ" ಅಂತ ಅದೊಂದನ್ನೇ ಹೇಳ್ತಿದ್ದ. ಈಗ ತಾನೇ ಮಾತಾಡಿದಳು, ಈಗ ತಾನೇ. ಅವಳು ಆಗಲೇ ಗೊರಕೆ ಹೊಡೀತಿದ್ದಳು. ಬಲಗಣ್ಣಿನ ಪಾಪೆ ಅಗಲ ಆಗಿತ್ತು.

ಸುಮಿತ್ರಮ್ಮ ಒಂದು ಗಳಿಗೆಯೂ ತಡ ಮಾಡಲಿಲ್ಲ. ತಲೆ ಹಿಡಿಯೋದು ಯಾವಾಗಲೂ ನನ್ನ ಕೆಲಸ. ಚರ್ಮ ಬಿಡಿಸಿದರು, ಬರ್ಮ ಇಟ್ಟರು, ದಿನಾ ಬೆಳಿಗ್ಗೆ ತಿರುಗಿಸೋ ಹಾಗೇ ತಿರುಗಿಸಿದರು. ನಾಲ್ಕೈದು ಸುತ್ತು ಆಗಿರಬೇಕು. ಮಾದರಿಯಲ್ಲಾದರೆ ಆ ಹೊತ್ತಿಗೆ ಇನ್ನೂ ಅರ್ಧ ದಾರಿ, ಅಲ್ಲಿ ಇನ್ನೊಂದಿಷ್ಟು ಎದೆಯ ಭಾರ ಹಾಕಬೇಕು. ಹಾಕಿದರು. ಬರ್ಮ ಒಮ್ಮೆಗೇ ಒಳಗೆ ಹೋಯ್ತು. ನನ್ನ ಎರಡೂ ಅಂಗೈಗೆ ಅದು ಗೊತ್ತಾಯ್ತು. ಬರ್ಮ ತೆಗೆದರೆ ಕಪ್ಪು ರಕ್ತದ ಜೊತೆಗೆ ಬೆಳ್ಳಗೆ ಏನೋ ಬಂತು. ಅದು ಏನು ಅಂತ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಸುಮಿತ್ರಮ್ಮ ಕೈ ನಡುಗದ ಹಾಗೆ ಪೂರ್ತಿ ಕೆಲಸ ಮುಗಿಸಿದರು. ಯಲ್ಲಮ್ಮ ಮೂರು ದಿನ ಇದ್ದಳು. ಎಚ್ಚರ ಆಗಲಿಲ್ಲ.

ನಾರೆಪ್ಪನಿಗೆ ಸುಮಿತ್ರಮ್ಮನೇ ಹೇಳಿದರು. ಮುಚ್ಚಿಡಲಿಲ್ಲ. "ನನ್ನ ಕೈ ತಪ್ಪಿತು" ಅಂತ ಕನ್ನಡದಲ್ಲಿ ಒಂದು ಸಲ, ತಮಗೆ ಬರೋ ಅರೆಬರೆ ತೆಲುಗಿನಲ್ಲಿ ಒಂದು ಸಲ. ಅವನು ಬೈದಿದ್ದರೆ ಚೆನ್ನಾಗಿತ್ತು. "ಮೀರು ಏಂ ಚೇಸ್ತಾರಮ್ಮಾ, ಮಾ ರಾತ" ಅಂದ. ನೀವೇನು ಮಾಡ್ತೀರಮ್ಮ, ನಮ್ಮ ಹಣೆಬರಹ.

ಮಾರನೇ ದಿನದಿಂದ ಸುಮಿತ್ರಮ್ಮ ಬರ್ಮ ಮುಟ್ಟಲಿಲ್ಲ. ಹರ್ನಿಯಾ ಮಾಡೋರು, ಅಪೆಂಡಿಕ್ಸ್ ಮಾಡೋರು, ತಲೆ ಅಂದರೆ "ಬೆಂಗಳೂರಿಗೆ ಕಳಿಸಿ" ಅಂತ ಬರೆದುಕೊಡೋರು. ದೊಡ್ಡ ಡಾಕ್ಟ್ರು ಗದರಿದರು, ಬೇಡಿಕೊಂಡರು. "ನನ್ನ ಕೈಯನ್ನ ನಾನು ನಂಬಿದ್ದೆ ಸಾರ್. ಅದು ಸುಳ್ಳು ಹೇಳಿತು" ಅನ್ನೋರು, ಅಷ್ಟೇ. ಬೆಳಗಿನ ಒಂದು ಗಂಟೆಯ ಅಭ್ಯಾಸವೂ ನಿಂತಿತು.

ಅದೇ ವಾರ, ಉಳಿದಿದ್ದ ಬುರುಡೆಗಳನ್ನ ಎಸೆದುಬಿಡು ಅಂದರು ದೊಡ್ಡ ಡಾಕ್ಟ್ರು. ಗುಂಡಿಗೆ ಒಂದೊಂದೇ ಹಾಕ್ತಿದ್ದೆ. ಒಂದು ಕಲ್ಲಿಗೆ ತಗುಲಿ ಸರಿಯಾಗಿ ಕಣತಲೆಯಲ್ಲೇ ಎರಡು ಹೋಳಾಯ್ತು. ಎತ್ತಿಕೊಂಡು ನೋಡಿದೆ. ಒಳಗಡೆ ನನ್ನ ಹೆಬ್ಬೆರಳಿನ ಗುರುತು, ಗೆರೆಗಳ ಸಮೇತ. ಅಲ್ಲಿ ಮಣ್ಣು ಇರಬೇಕಾದ್ದಕ್ಕಿಂತ ಎರಡು ಪಟ್ಟಿಗೂ ದಪ್ಪ ಇತ್ತು. ಗುಂಡಿಯ ಅಂಚಿನಲ್ಲೇ ಕೂತುಬಿಟ್ಟೆ. ಆಯಮ್ಮನ ಕೈ ಸುಳ್ಳು ಹೇಳಿರಲಿಲ್ಲ. ನಾನು ಕಲಿಸಿದ್ದನ್ನೇ ಅದು ಹೇಳಿತ್ತು.

ಆ ಹೋಳನ್ನ ಟವಲಿನಲ್ಲಿ ಸುತ್ತಿಕೊಂಡು ಸೀದಾ ದೊಡ್ಡ ಡಾಕ್ಟ್ರ ಹತ್ತಿರ ಹೋದೆ. ಗಾಜಿನ ಬೀರು ತೆಗೆಸಿ, ನಿಜವಾದ ಬುರುಡೆ ಪಕ್ಕ ಇಟ್ಟು ತೋರಿಸಿದೆ. ಅವರು ಅಳತೆ ಕಡ್ಡಿ ಇಟ್ಟು ಎರಡನ್ನೂ ಅಳೆದರು. ತೆಲುಗಿನಲ್ಲಿ ಬೈತಾರೆ ಅಂದುಕೊಂಡೆ. ಬೈಯಲಿಲ್ಲ. ಬಾಗಿಲು ಹಾಕು ಅಂದರು. "ನಾನೇ ಅಳೆದು ನೋಡಬೇಕಿತ್ತು ಕಣೋ, ನಾನೇ ನೋಡಬೇಕಿತ್ತು" ಅಂದರು. ಆಮೇಲೆ, "ಆಸ್ಪತ್ರೆ ನಡೆಸೋ ಟ್ರಸ್ಟಿನವರು ಯಲ್ಲಮ್ಮನ ಸಾವಿನ ವಿಚಾರಣೆಗೆ ಬರ್ತಿದ್ದಾರೆ. ಹೆಂಚು ಮಾಡೋನ ಕೈಲಿ ಗೊಂಬೆ ಮಾಡಿಸಿ ತಲೆ ಆಪರೇಷನ್ ಕಲಿಸಿದ್ರು ಅಂತ ಗೊತ್ತಾದರೆ ಥಿಯೇಟರಿಗೇ ಬೀಗ ಹಾಕ್ತಾರೆ. ನೀನೂ ಮನೆಗೆ, ನಾನೂ ಮನೆಗೆ. ಅವರು ಬಂದು ಹೋಗಲಿ. ಆಮೇಲೆ ಆಯಮ್ಮನಿಗೆ ನಾನೇ ಹೇಳ್ತೀನಿ. ಅಲ್ಲೀವರೆಗೂ ಬಾಯಿ ಬಿಡಬೇಡ" ಅಂದರು.

ಬಿಡಲಿಲ್ಲ. ದೊಡ್ಡವರು ಹೇಳಿದರು ಅಂತ ಬಿಡಲಿಲ್ಲ ಅಂತ ಬರೆದರೆ ಸುಳ್ಳಾಗುತ್ತೆ. ಅವರು ಹಾಗಂದ ಕೂಡಲೇ ನನ್ನ ಎದೆಯ ಭಾರ ಇಳೀತು, ಅದು ನಿಜ. ಅಬ್ಬಾ, ಇವತ್ತು ಹೇಳಬೇಕಾಗಿಲ್ಲ ಅನ್ನಿಸ್ತು. ಸುಮಿತ್ರಮ್ಮ ಎದುರಿಗೆ ಬಂದರೆ ಪ್ಲಾಸ್ಟರ್ ಕೋಣೆಗೆ ನುಗ್ಗಿಬಿಡ್ತಿದ್ದೆ. ಅವರು ಇಳಿದುಹೋಗ್ತಿದ್ದರು. ಊಟದ ಡಬ್ಬಿ ತೆಗೆದು ಹಾಗೇ ಮುಚ್ಚೋರು. ಒಂದು ದಿನ ಮೇಜಿನ ಮೇಲೆ ಬಲಗೈ ಇಟ್ಟುಕೊಂಡು, ಯಾರದ್ದೋ ಕೈ ಅನ್ನೋ ಹಾಗೆ ಅದನ್ನೇ ನೋಡ್ತಾ ಕೂತಿದ್ದರು. ನಾನು ಬಾಗಿಲಿನಿಂದಲೇ ತಿರುಗಿ ಬಂದೆ. ಟ್ರಸ್ಟಿನವರು ಇವತ್ತು ಬರ್ತಾರೆ, ನಾಳೆ ಬರ್ತಾರೆ ಅಂತ ಒಂದೂವರೆ ತಿಂಗಳು ಹೋಯ್ತು. ಅವರು ಕೊನೆಗೂ ಬರಲೇ ಇಲ್ಲ.

ಆ ಒಂದೂವರೆ ತಿಂಗಳಲ್ಲಿ ತಲೆಗೆ ಪೆಟ್ಟು ಬಿದ್ದವರು ಮೂವರು ಬಂದರು. ಮೂವರನ್ನೂ ಬೆಂಗಳೂರಿಗೆ ಕಳಿಸಿದರು. ಕೊನೆಯವನು ಟೇಕಲ್‌ನ ಕಲ್ಲು ಒಡೆಯೋನು, ಮುನಿರಾಜು. ಬೆಳಿಗ್ಗೆ ಹತ್ತು ಗಂಟೆ ಹೊತ್ತು. ಕಿವಿ ಮೇಲೆ ಕಲ್ಲಿನ ಚೂರು ಬಡಿದಿತ್ತು. ನಡ್ಕೊಂಡೇ ಒಳಗೆ ಬಂದ, ಬೆಂಚಿನ ಮೇಲೆ ಕೂತು ನನ್ನ ಜೊತೆ ಮಾತಾಡಿದ. "ಅಣ್ಣ, ಮಾಲೂರೋರಾ ನೀವು? ನಮ್ಮತ್ತೆ ಮನೆ ಅಲ್ಲೇ" ಅಂದ. ಅರ್ಧ ಗಂಟೆಯಲ್ಲಿ ತೂಕಡಿಸೋಕೆ ಶುರು ಮಾಡಿದ. ಸುಮಿತ್ರಮ್ಮ ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿ, ಚೀಟಿ ಬರೆದು ಕೊಟ್ಟು ಒಳಗೆ ಹೋಗಿಬಿಟ್ಟರು. ಅವನನ್ನ ಜೀಪಿಗೆ ಎತ್ತಿ ಹಾಕಿದವನು ನಾನೇ. ಅವನ ಹೆಂಡತಿ ನನ್ನ ತೋಳು ಹಿಡಿದುಕೊಂಡಳು. "ಇಲ್ಲೇ ಮಾಡ್ತಾರೆ ಅಂತಿದ್ರಲ್ಲಣ್ಣ? ಲಾರಿ ಕ್ಲೀನರಿಗೆ ಇಲ್ಲೇ ಮಾಡಿದ್ರಂತಲ್ಲ? ನಮಗ್ಯಾಕಣ್ಣ ಇಲ್ಲ?" ಅಂದಳು. ನಾನು "ಬೆಂಗಳೂರಲ್ಲಿ ದೊಡ್ಡ ದೊಡ್ಡ ಡಾಕ್ಟ್ರಿದ್ದಾರೆ ಹೋಗಮ್ಮ" ಅಂದೆ. ಥೂ, ಆ ಮಾತು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತು!

ಜೀಪು ನರಸಾಪುರ ದಾಟಿ ಸ್ವಲ್ಪ ದೂರ ಹೋಗಿ ವಾಪಸ್ ಬಂತು. ನಾನು ಗೇಟಿನ ಹತ್ತಿರವೇ ನಿಂತಿದ್ದೆ. ಡ್ರೈವರ್ ಮುಖ ನೋಡೋ ಅಗತ್ಯ ಬೀಳಲಿಲ್ಲ, ಒಳಗಿನಿಂದ ಅವಳ ಕೂಗು ಕೇಳಿಸ್ತಿತ್ತು.

ಮುಂದಿನದನ್ನ ಮೊದಲೇ ಹೇಳಿಬಿಡ್ತೀನಿ. ಸುಮಿತ್ರಮ್ಮ ಮತ್ತೆ ಬರ್ಮ ಹಿಡಿದರು. ನಾನು ತೆಳುವಾಗೇ ಮಾಡಿದೆ, ಹತ್ತಕ್ಕೆ ಏಳೆಂಟು ಭಟ್ಟಿಯಲ್ಲಿ ಒಡೆದವು, ಒಡೆಯಲಿ ಅಂತ ಬಿಟ್ಟೆ. ಉಳಿದ ಒಂದೊಂದನ್ನೂ ಟೋಪಿ ಮುಚ್ಚೋ ಮುಂಚೆ ಅವರೇ ಅಳೆದರು. ಎಂಬತ್ತರ ದಶಕ ಮುಗಿಯೋವರೆಗೂ ಎಷ್ಟೋ ಜನ ಆ ಥಿಯೇಟರಿನಿಂದ ನಡ್ಕೊಂಡು ಮನೆಗೆ ಹೋದರು, ಕಣತಲೆಗೆ ಪೆಟ್ಟಾದವರೂ ಹೋದರು. ನಿನ್ನ ಕ್ಲಾಸಿನವರಿಗೆ ಅದು ಸಮಾಧಾನ ಕೊಟ್ಟರೆ ಕೊಡಲಿ. ನನಗೆ ನೆನಪಿರೋದು ಆ ಜೀಪು ವಾಪಸ್ ಬಂದ ಮಧ್ಯಾಹ್ನ.

ಟವಲಿನಲ್ಲಿ ಸುತ್ತಿಟ್ಟಿದ್ದ ಹೋಳನ್ನ ತಗೊಂಡು ಸುಮಿತ್ರಮ್ಮನ ಕೋಣೆಗೆ ಹೋದೆ. ಮೇಜಿನ ಮೇಲಿಟ್ಟೆ. ಅಮ್ಮ, ನಿಮ್ಮ ಕೈ ತಪ್ಪಲಿಲ್ಲ, ಇದು ನನ್ನ ಹೆಬ್ಬೆರಳು ಅಂದೆ. ಭಟ್ಟಿಯ ಕತೆ ಪೂರ್ತಿ ಹೇಳಿದೆ, ಅಳ್ತಾನೇ ಹೇಳಿದೆ. ಅವರು ಹೋಳನ್ನ ಎತ್ತಿಕೊಂಡು, ನನ್ನ ಬೆರಳಿನ ಗುರುತಿನಲ್ಲಿ ತಮ್ಮ ಹೆಬ್ಬೆರಳಿಟ್ಟು ದಪ್ಪ ನೋಡಿದರು. ಅವರ ಮುಖದಲ್ಲಿ ಏನೋ ಸಡಿಲ ಆಯ್ತು. ಒಂದು ಉಸಿರು ದೊಡ್ಡದಾಗಿ ಬಿಟ್ಟರು. ಕ್ಷಮಿಸಿಬಿಡ್ತಾರೆ ಅಂದುಕೊಂಡೆ. ಕ್ಷಮಿಸ್ತಿದ್ದರೋ ಏನೋ, ಮಾತು ಅಲ್ಲಿಗೇ ನಿಂತಿದ್ದರೆ.

"ನಿಮಗೆ ಇದು ಯಾವತ್ತು ಗೊತ್ತಾಯ್ತು?" ಅಂದರು.

ಸುಳ್ಳು ಹೇಳಬಹುದಿತ್ತು. ಇವತ್ತೇ ಅಂತ ಅನ್ನಬಹುದಿತ್ತು. "ಯಲ್ಲಮ್ಮ ತೀರಿಕೊಂಡ ವಾರದಲ್ಲೇ" ಅಂದೆ.

ಅವರು ಪಕ್ಕದ ಕಪಾಟಿನಿಂದ ಬೆಂಗಳೂರಿಗೆ ಕಳಿಸಿದವರ ರಿಜಿಸ್ಟರು ತೆಗೆದು, ಹಾಳೆ ತಿರುಗಿಸಿ ನನ್ನ ಕಡೆಗೆ ತಳ್ಳಿದರು. "ಓದಿ" ಅಂದರು. ಜೋರಾಗಿ ಓದಿದೆ. ಮೊದಲನೆಯ ಹೆಸರು, ಊರು. "ಇವನು ಬರುವಾಗಲೇ ಹೋಗಿದ್ದ. ನಾನು ಏನು ಮಾಡಿದ್ದರೂ ಉಳೀತಿರಲಿಲ್ಲ" ಅಂದರು. ಎರಡನೆಯದು ಓದಿದೆ. "ಈಯಮ್ಮ, ಗೊತ್ತಿಲ್ಲ. ಹೇಳೋಕಾಗಲ್ಲ" ಅಂದರು. ಮೂರನೆಯದು ಓದೋಕೆ ನನ್ನ ಕೈಲಿ ಆಗಲಿಲ್ಲ. ಹೊರಗೆ ವರಾಂಡದಲ್ಲಿ ಅವನ ಹೆಂಡತಿ ಇನ್ನೂ ಇದ್ದಳು. ಸುಮಿತ್ರಮ್ಮನೇ ರಿಜಿಸ್ಟರು ತಮ್ಮ ಕಡೆಗೆ ತಿರುಗಿಸಿಕೊಂಡು ಓದಿದರು.

"ಮುನಿರಾಜು. ಟೇಕಲ್. ಮೂವತ್ತೊಂದು ವರ್ಷ" ಅಂದರು. "ಇವನು ಉಳೀತಿದ್ದ ಚೌಡಪ್ಪ. ನಿನ್ನೆ ಸಾಯಂಕಾಲ ನೀವು ಬಂದು ಹೇಳಿದ್ದರೂ ಉಳೀತಿದ್ದ."